ಪಡಸಾಲೆಯ ಗಾಳಿ, ಒಲೆಯ ಮುಂದಿನ ಗಾಳಿ

ಹೋದ ವರ್ಷದ ಆಷಾಢದಲ್ಲಿ ಅವ್ವನನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಮೂರು ತಿಂಗಳಿಂದ ಬಿಡದ ಕೆಮ್ಮು. ಪುಟ್ಟ ಕೋಣೆಯಲ್ಲಿ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಕೈಗೊಂದು ಬಿಳಿಯ ಕೊಳವೆ ಕೊಟ್ಟರು. ಎದೆ ತುಂಬ ಉಸಿರು ಎಳೆದುಕೊಂಡು ಒಂದೇ ಸಮನೆ ಊದಬೇಕು, ಆರು ಸೆಕೆಂಡ್ ನಿಲ್ಲಿಸಬಾರದು ಎಂದು ಅಲ್ಲಿನ ಹುಡುಗಿ ಹೇಳಿಕೊಟ್ಟಳು. ಅವ್ವ ಊದಿದಳು. ಮೂರನೆಯ ಸೆಕೆಂಡಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ನೀರು ಕುಡಿಸಿ ಮತ್ತೆ ಊದಿಸಿದರು. ಪರದೆಯ ಮೇಲಿನ ಗೆರೆ ಮೇಲಕ್ಕೆ ಹೋದದ್ದೇ ತಡ ಕುಸಿದು, ಜೋಲಿಯ ಹಾಗೆ ಬಾಗಿತು. ವರದಿ ನೋಡಿದ ಡಾಕ್ಟರ್ ಬೀಡಿ ಸಿಗರೇಟಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಿ, ‘ಸೌದೆ ಒಲೆಯಲ್ಲಿ ಎಷ್ಟು ವರ್ಷ ಅಡುಗೆ ಮಾಡಿದ್ದೀರಿ ಅಮ್ಮ?’ ಎಂದು ಕೇಳಿದರು. ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮದುವೆಯಾದದ್ದು 1976ರಲ್ಲಿ. ಮನೆಗೆ ಗ್ಯಾಸ್ ಬಂದದ್ದು 2009ರಲ್ಲಿ. ಅದಕ್ಕೆ ಮುಂಚೆ ತವರಿನಲ್ಲಿ ಮಾಡಿದ್ದನ್ನು ಅವಳು ಲೆಕ್ಕಕ್ಕೇ ಸೇರಿಸಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಇನ್ನೊಂದು ಕೊಳವೆ. ಪಾಂಡವಪುರದ ಕಡೆಯ ನಮ್ಮ ಊರಿನ ಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಒರಗಿಸಿ ಇಡುತ್ತಿದ್ದ ಊದುಕೊಳವೆ. ಒಂದೂವರೆ ಅಡಿ ಉದ್ದದ ಕಬ್ಬಿಣದ್ದು. ಬಾಯಿಗೆ ಇಡುವ ತುದಿ ತುಟಿ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿತ್ತು, ಬೆಂಕಿಯ ಕಡೆಯ ತುದಿ ಸುಟ್ಟು ಸುಟ್ಟು ಹಕ್ಕಳೆ ಎದ್ದಿತ್ತು. ಮಳೆಗಾಲದಲ್ಲಿ ಸೌದೆ ಹಸಿಯಾದಾಗ ಅವ್ವ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಊದುತ್ತಿದ್ದಳು. ಒಂದು ಸಲ ಊದಬೇಕಾದರೆ ಮೊದಲು ಒಂದು ಸಲ ಎದೆ ತುಂಬ ಉಸಿರು ಎಳೆದುಕೊಳ್ಳಬೇಕಲ್ಲ. ಎಳೆದುಕೊಳ್ಳುತ್ತಿದ್ದದ್ದು ಅಲ್ಲಿಯ ಗಾಳಿಯನ್ನೇ. ಚಿಕ್ಕವಳಾಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅದು ಎಂದೂ ಹೊಳೆದಿರಲಿಲ್ಲ. ಹೊಗೆಯಿಂದ ಅವಳ ಕಣ್ಣಲ್ಲಿ ನೀರು ಬರುತ್ತದೆ ಎಂಬುದಷ್ಟೇ ನನಗೆ ಕಂಡಿತ್ತು.

ಅವ್ವ ನಮ್ಮೊಂದಿಗೇ ಇರಲಿ ಎಂದು ಕುವೆಂಪುನಗರದ ಬಾಡಿಗೆ ಮನೆಗೆ ಕರೆತಂದೆವು. ಇಲ್ಲಿ ಗ್ಯಾಸ್ ಇದೆ, ಹೊಗೆ ಇಲ್ಲ, ಊರಿನ ಧೂಳಿಲ್ಲ. ಆದರೂ ಕೆಮ್ಮು ನಿಲ್ಲಲಿಲ್ಲ. ಒಂದು ಕಾಳಜಿ ತಲೆಗೆ ಹೊಕ್ಕರೆ ಬಿಡದ ಸ್ವಭಾವ ನನ್ನದು. ಮನೆಯೊಳಗಿನ ಗಾಳಿಯನ್ನು ಅಳೆಯುವ ಸೆನ್ಸರ್ ಒಂದನ್ನು ತರಿಸಿದೆ.

ಟಿ.ವಿ. ಪಕ್ಕದ ಹಸಿರು ಅಂಕಿ

ಅಂಗೈ ಅಗಲದ ಬಿಳಿಯ ಪೆಟ್ಟಿಗೆ. ಅದನ್ನು ಹಾಲಿನಲ್ಲಿ, ಟಿ.ವಿ. ಇಡುವ ಕಟ್ಟೆಯ ಮೇಲೆ ಇಟ್ಟೆವು. ಪ್ಲಗ್ ಅಲ್ಲೇ ಇತ್ತು, ಎಲ್ಲರಿಗೂ ಕಾಣುವ ಜಾಗವೂ ಅದೇ. ಪಿ.ಎಂ. 2.5 (ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳ ಪ್ರಮಾಣ) ಎಂದು ಬರೆದ ಕಡೆ 18, 22, 25 ಹೀಗೆ ಹಸಿರು ಬಣ್ಣದ ಅಂಕಿಗಳು. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ದಿನದ ಸರಾಸರಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು. ಇದು 2009ರಲ್ಲಿ ನಿಗದಿಯಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು ಬಿಗಿ ಮಾಡಿ ದಿನಕ್ಕೆ 15 ಎಂದಿತು. ಆ ಲೆಕ್ಕದಲ್ಲಿ ನಮ್ಮದು ಸ್ವಲ್ಪ ಹೆಚ್ಚೇ, ಆದರೂ ನೆಮ್ಮದಿ ಪಡಬಹುದಾದ ಅಂಕಿ. ಮೈಸೂರಿನಲ್ಲಿರುವುದೇ ಪುಣ್ಯ ಎಂದು ನನ್ನ ಯಜಮಾನರು ಹೇಳಿದರು. ನನಗೂ ಹಾಗೆಯೇ ಅನಿಸಿತು. ನಾಲ್ಕು ತಿಂಗಳು ಆ ಪೆಟ್ಟಿಗೆ ಅಲ್ಲೇ ಇತ್ತು, ಹಸಿರಾಗಿಯೇ ಇತ್ತು. ಅವ್ವ ಕೆಮ್ಮುತ್ತಲೇ ಇದ್ದಳು.

ದೀಪಾವಳಿಗೆ ಮನೆ ಗುಡಿಸಿ ಒರೆಸುವಾಗ ಅವ್ವ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ, ರಾಗಿಹಿಟ್ಟಿನ ಡಬ್ಬದ ಪಕ್ಕ ಇಟ್ಟಿದ್ದಳು. ಅಲ್ಲೇ ಇದ್ದ ಪ್ಲಗ್ಗಿಗೆ ಸಿಕ್ಕಿಸಿಯೂ ಇದ್ದಳು, ಆರಿಸಿದರೆ ಕೆಟ್ಟೀತು ಎಂಬ ಭಯಕ್ಕೆ. ಅಂದು ರಾತ್ರಿಗೆ ಉಪ್ಪುಸಾರು. ಖಾರಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಬಾಣಲೆಯಲ್ಲಿ ಹುರಿಯುತ್ತಿದ್ದಳು. ಘಾಟಿಗೆ ಹಾಲಿನಲ್ಲಿದ್ದ ಮಗಳು ಸೀನಿದಳು. ನಾನು ಅಡುಗೆಮನೆಗೆ ಹೋದಾಗ ಪೆಟ್ಟಿಗೆಯ ಮೇಲಿನ ಅಂಕಿ ಕೆಂಪಾಗಿತ್ತು. 290. ನೋಡುತ್ತಿದ್ದ ಹಾಗೆಯೇ 340, 385, 412. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಂದು ಕೈಯಲ್ಲಿ ಸೌಟು ಆಡಿಸುತ್ತಿದ್ದಳು. ‘ಇದಕ್ಕೇನಾಯಿತು, ಕೆಂಪಗಾಗಿದೆ?’ ಎಂದು ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ. ಆ ಅಂಕಿ ಅರವತ್ತಕ್ಕಿಂತ ಕೆಳಗೆ ಇಳಿಯಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಅಲ್ಲೇ ಇದ್ದಳು. ಮುದ್ದೆ ತೊಳಸಿದಳು, ಪಾತ್ರೆ ಎತ್ತಿಟ್ಟಳು, ಬೆಳಿಗ್ಗೆಯ ಹಾಲಿಗೆ ಹೆಪ್ಪು ಹಾಕಿದಳು.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಇದೇ. ನಾಲ್ಕು ತಿಂಗಳು ನಾವು ಅಳೆದದ್ದು ಯಾರ ಗಾಳಿಯನ್ನು? ಕಚೇರಿಯಿಂದ ಬಂದು ಸೋಫಾದ ಮೇಲೆ ಕೂರುವವರ ಗಾಳಿಯನ್ನು. ಅದು ಚೆನ್ನಾಗಿತ್ತು, ಹಾಗಾಗಿ ಮನೆಯ ಗಾಳಿ ಚೆನ್ನಾಗಿದೆ ಎಂದುಕೊಂಡೆವು. ಊರಿನ ಮನೆಯೂ ಹೀಗೆಯೇ ಇತ್ತು. ಮುಂದೆ ಜಗಲಿ, ಆಮೇಲೆ ವಿಶಾಲವಾದ ಪಡಸಾಲೆ, ಅಲ್ಲಿ ಗಾಳಿ ಬೆಳಕು ಧಾರಾಳ. ಅಪ್ಪ, ಚಿಕ್ಕಪ್ಪ, ಬಂದುಹೋಗುವ ನೆಂಟರು ಕೂರುತ್ತಿದ್ದದ್ದು ಅಲ್ಲಿ. ಅಡುಗೆಮನೆ ಮಾತ್ರ ಹಿಂದುಗಡೆ, ಒಂದೇ ಒಂದು ಸಣ್ಣ ಕಿಂಡಿಯೊಂದಿಗೆ. ತೊಲೆಗಳಿಂದ ಇಲ್ಲಣ ಕಪ್ಪು ದಾರದ ಹಾಗೆ ಜೋತಾಡುತ್ತಿತ್ತು. ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತದೆ ಎನ್ನುತ್ತಿದ್ದರು. ಹೋಗುತ್ತಿತ್ತು, ನಿಜ. ಹೊರಗೆ ನಿಂತು ನೋಡಿದರೆ ಮಾಡಿನ ಮೇಲೆ ನೀಲಿ ಹೊಗೆ ಹರಡಿಕೊಂಡಿರುವುದು ಚೆಂದ ಕಾಣುತ್ತಿತ್ತು. ಆದರೆ ಹೆಂಚು ಮುಟ್ಟುವ ಮೊದಲು ಅದು ಅವ್ವನನ್ನು ದಾಟಿಯೇ ಹೋಗಬೇಕಿತ್ತು.

ಕರ್ಕ್ ಸ್ಮಿತ್ ಎಂಬ ವಿಜ್ಞಾನಿಯ ಬಗ್ಗೆ ಆಮೇಲೆ ಓದಿದೆ. ವಾಯುಮಾಲಿನ್ಯ ಎಂದರೆ ಕಾರ್ಖಾನೆಯ ಚಿಮಣಿ, ಲಾರಿಯ ಹೊಗೆ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವರು ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಮಾಪಕವನ್ನು ಕಟ್ಟಿ ಅಳೆದರು. ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಮನೆಯೊಳಗಿನ ಹೊಗೆ ಜಗತ್ತಿನ ಕಾಯಿಲೆಗಳ ದೊಡ್ಡ ಕಾರಣಗಳ ಪಟ್ಟಿಗೆ ಸೇರಿದ್ದರ ಹಿಂದೆ ಅವರು 2020ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ ದುಡಿಮೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಈ ಹೊಗೆಯಿಂದ ಸುಮಾರು 32 ಲಕ್ಷ ಜನ ಸತ್ತರು. ಮಾಪಕವನ್ನು ಕೋಣೆಯ ಮೂಲೆಯಲ್ಲಿ ಇಡದೆ ಹೆಂಗಸಿನ ಮೈಮೇಲೆ ಕಟ್ಟಬೇಕು ಎಂದು ಅವರಿಗೆ ಹೊಳೆಯಿತಲ್ಲ, ಅದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

ಬೆಳಕಿಂಡಿಯ ಧೂಳು

ಈ ಪೆಟ್ಟಿಗೆಯೊಳಗೆ ನಡೆಯುವುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಹೆಂಚಿನ ಮನೆಯಲ್ಲಿ ಬೆಳಕಿಗೆಂದು ಒಂದು ಗಾಜಿನ ಹೆಂಚು ಹಾಕುತ್ತಿದ್ದರು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲ ಕೋಲಿನಲ್ಲಿ ಧೂಳು ಮಿನುಗುತ್ತಾ ಆಡುವುದನ್ನು ನೋಡದ ಮಕ್ಕಳಿಲ್ಲ. ಸೆನ್ಸರಿನೊಳಗೂ ಹಾಗೆಯೇ. ಒಂದು ಚಿಕ್ಕ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಬಿಸಿಲ ಕೋಲಿನ ಜಾಗದಲ್ಲಿ ಲೇಸರ್ ಬೆಳಕು ಇರುತ್ತದೆ, ಕಣಗಳಿಗೆ ತಾಗಿ ಚೆದುರಿದ ಬೆಳಕನ್ನು ಒಂದು ಎಲೆಕ್ಟ್ರಾನಿಕ್ ಕಣ್ಣು ಎಣಿಸುತ್ತದೆ. ವ್ಯತ್ಯಾಸವೆಂದರೆ ನಾವು ಬಿಸಿಲಿನಲ್ಲಿ ಕಂಡದ್ದು ದೊಡ್ಡ ಧೂಳು. ಅದು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ. ಇದು ಹುಡುಕುವುದು ಎರಡೂವರೆ ಮೈಕ್ರಾನ್‌ಗಿಂತ ಸಣ್ಣದನ್ನು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲು, ಇನ್ನೂ ಕಡಿಮೆ. ಶ್ವಾಸಕೋಶದ ತುತ್ತತುದಿಯವರೆಗೆ ಇಳಿಯುವುದು ಅವೇ.

ತೂಕ ಹಾಕಿ ಹೇಳುವ ಯಂತ್ರ ಇದಲ್ಲ, ಎಣಿಸಿ ಅಂದಾಜು ಮಾಡುವ ಯಂತ್ರ. ಹಾಗಾಗಿ ಅದು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಬಾರದು. ಕುಕ್ಕರ್ ವಿಷಲ್ ಹಾಕಿದಾಗ ಹತ್ತಿರವಿದ್ದರೆ ಅಂಕಿ ಹಾರುತ್ತದೆ, ಅದು ನೀರಿನ ಹನಿಗಳ ಲೆಕ್ಕ. ಡಿಸೆಂಬರಿನ ಮಂಜು ಮುಸುಕಿದ ಬೆಳಗಿನಲ್ಲಿ ಕಿಟಕಿ ತೆಗೆದಿಟ್ಟರೂ ಹೀಗೆಯೇ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಹೊಗೆಯೋ ಹಬೆಯೋ ಎಂದು ನಾನು ಗುರುತಿಸುವುದು ಇಳಿಯುವ ವೇಗದಿಂದ. ಹಬೆಯ ಅಂಕಿ ಒಂದೆರಡು ನಿಮಿಷದಲ್ಲಿ ಕರಗುತ್ತದೆ, ಎಣ್ಣೆ ಹೊಗೆಯದ್ದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಇಂಥ ಪೆಟ್ಟಿಗೆ ತೋರಿಸುವುದಿಲ್ಲ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡು, ಹಾಲಿನಲ್ಲಿ ಅಂಕಿ ಹಸಿರಾಗಿದೆ ಎಂದು ಯಾರೂ ಧೈರ್ಯ ತಂದುಕೊಳ್ಳಬಾರದು. ಬಣ್ಣ ವಾಸನೆ ಎರಡೂ ಇಲ್ಲದ ಆ ಅನಿಲಕ್ಕೆ ಬೇರೆಯದೇ ಸೆನ್ಸರ್ ಬೇಕು, ಗೀಸರನ್ನಂತೂ ಹೊರಗೇ ಕೂರಿಸಬೇಕು.

412 ಎಂಬುದು ಕ್ಷಣದ ಅಂಕಿ, 15 ಎಂಬುದು ಇಡೀ ದಿನದ ಸರಾಸರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದು ಗೆಳತಿಯೊಬ್ಬಳು ಎಚ್ಚರಿಸಿದಳು. ಸರಿಯಾದ ಮಾತು. ಅದಕ್ಕೇ ಲೆಕ್ಕ ಹಾಕಿ ನೋಡಿದೆ. ಒಬ್ಬರು ದಿನಕ್ಕೆ ಒಂದೇ ಒಂದು ಗಂಟೆ 400ರಲ್ಲಿ ನಿಂತು, ಉಳಿದ 23 ಗಂಟೆ ಒಂದು ಕಣವೂ ಇಲ್ಲದ ಗಾಳಿಯಲ್ಲಿ ಇದ್ದರು ಎಂದುಕೊಳ್ಳೋಣ. ಆಗಲೂ ದಿನದ ಸರಾಸರಿ ಹದಿನಾರು ಚಿಲ್ಲರೆ ಬರುತ್ತದೆ. ಅಂದರೆ ಆ ಒಂದು ಗಂಟೆಯಲ್ಲಿಯೇ ದಿನದ ಪಾಲು ಮುಗಿದು ಮೇಲೆ ಸಾಲವಾಯಿತು. ಅವ್ವ ಅಡುಗೆಮನೆಯಲ್ಲಿ ಇರುವುದು ಒಂದು ಗಂಟೆಯಲ್ಲ.

ಮಾಡಿದ್ದು ಬಹಳ ಸರಳವಾದ ಕೆಲಸ. ಅಡುಗೆಮನೆಯ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನಿಗೆಂದು ಬಿಟ್ಟ ದುಂಡನೆಯ ತೂತು ಇತ್ತು. ಪಾರಿವಾಳ ಗೂಡು ಕಟ್ಟುತ್ತದೆ ಎಂದು ನಮಗಿಂತ ಮುಂಚೆ ಇದ್ದವರು ಅದಕ್ಕೆ ಥರ್ಮಾಕೋಲ್ ತುರುಕಿದ್ದರು. ಕಿತ್ತು, ಹೊರಗೆ ಜಾಲರಿ ಹೊಡೆಸಿ, ಫ್ಯಾನ್ ಹಾಕಿಸಿದೆವು. ಮೊದಲ ದಿನ ಅಂಕಿ ಅಷ್ಟೇನೂ ಇಳಿಯಲಿಲ್ಲ. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದು ಎಳೆಯುವುದಾದರೂ ಎಲ್ಲಿಂದ? ಎದುರಿನ ಕಿಟಕಿಯನ್ನು ಒಂದು ಗೇಣು ತೆಗೆದಿಟ್ಟಾಗ ಹೊಗೆ ದಾರಿ ಹಿಡಿದು ಹೊರಟಿತು. ಬಾಣಲೆ ಇಡುವ ಮುಂಚೆಯೇ ಫ್ಯಾನ್ ಹಾಕಬೇಕು, ಒಲೆ ಆರಿಸಿದ ಮೇಲೂ ಇಪ್ಪತ್ತು ನಿಮಿಷ ಬಿಡಬೇಕು. ಅದೇ ಉಪ್ಪುಸಾರಿನ ಖಾರಕ್ಕೆ ಈಗ 130ರವರೆಗೆ ಏರಿ, ಅರ್ಧ ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಚಿಮಣಿ ಹಾಕಿಸುವವರಿಗೂ ಒಂದು ಮಾತು. ಹೊಗೆಯನ್ನು ಪೈಪಿನ ಮೂಲಕ ಹೊರಗೆ ಕಳಿಸುವುದನ್ನೇ ತೆಗೆದುಕೊಳ್ಳಿ. ಇದ್ದಿಲ ಫಿಲ್ಟರಿನಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುವ ಬಗೆಯದ್ದು ವಾಸನೆ ತಗ್ಗಿಸಬಹುದು, ಅಡುಗೆಮನೆಯ ಗಾಳಿಯನ್ನು ಬದಲಾಯಿಸುವುದಿಲ್ಲ.

ಅಗರಬತ್ತಿಯ ಊರಿನಲ್ಲಿ

ಇದನ್ನು ಬರೆಯುವುದು ನನಗೆ ಸುಲಭವಲ್ಲ. ಮೈಸೂರಿನ ಅಗರಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಈ ಊರಿನ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಇದ್ದಿಲ ಪುಡಿ, ಜಿಗಟಿನ ಹಿಟ್ಟನ್ನು ಬಿದಿರು ಕಡ್ಡಿಗೆ ಹೊಸೆದು ಮಕ್ಕಳನ್ನು ಓದಿಸಿದ್ದಾರೆ. ನನ್ನ ಅತ್ತೆಯವರೇ ಹೊಸೆಯುತ್ತಿದ್ದರು, ಅವರ ಬೆರಳಿನ ಗೆರೆಗಳಲ್ಲಿ ಕಪ್ಪು ನಿಂತಿರುತ್ತಿತ್ತು. ಆದರೆ ಗಂಧ ಎಷ್ಟೇ ಪರಿಮಳದ್ದಾಗಿರಲಿ, ಉರಿಯುವುದು ಇದ್ದಿಲು ಮತ್ತು ಮರ, ಏಳುವುದು ಹೊಗೆ. ದೇವರ ಗೂಡಿನ ಬಳಿ ಎರಡು ಕಡ್ಡಿ ಹಚ್ಚಿದರೆ ನಮ್ಮ ಪೆಟ್ಟಿಗೆ ಹತ್ತು ನಿಮಿಷದಲ್ಲಿ 200 ದಾಟುತ್ತದೆ. ಶುಕ್ರವಾರ ಸಾಂಬ್ರಾಣಿ ಹಾಕಿದ ದಿನ ಅದರ ಎರಡರಷ್ಟು.

ಅವ್ವನಿಗೆ ನಾನು ಏನೂ ಹೇಳಲಿಲ್ಲ. ಹೇಳುವ ಬಾಯಿ ನನಗಿರಲಿಲ್ಲ. ಸೌದೆ, ಊದುಕೊಳವೆ, ಇಲ್ಲಣ, ಇವುಗಳ ನಡುವೆ ಅವಳು ತಾನಾಗಿ ಆರಿಸಿಕೊಂಡ ಹೊಗೆ ಎಂದರೆ ಇದೊಂದೇ. ಆದರೆ ಅವಳು ಅಂಕಿ ನೋಡುವುದನ್ನು ಕಲಿತಿದ್ದಳು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಮರುದಿನದಿಂದ ಒಳಗೆ ಎಣ್ಣೆಯ ದೀಪ ಮಾತ್ರ ಹಚ್ಚಿ, ಊದುಬತ್ತಿಯನ್ನು ಬಾಲ್ಕನಿಯ ತುಳಸಿ ಕುಂಡದಲ್ಲಿ ಚುಚ್ಚತೊಡಗಿದಳು. ನಾನು ನೋಡುತ್ತಿದ್ದುದನ್ನು ಕಂಡು, ‘ದೇವರು ಅಲ್ಲಿಯೂ ಇದ್ದಾನೆ ಕಣವ್ವ’ ಎಂದಳು.

ಮಲಗುವ ಕೋಣೆಯ ಕಥೆ ಬೇರೆ. ಸಂಜೆ ಆರಕ್ಕೆ ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ ಬೆಳಗಿನವರೆಗೂ ತೆಗೆಯುತ್ತಿರಲಿಲ್ಲ. ಇಲ್ಲಿ ನೋಡಬೇಕಾದದ್ದು ಇಂಗಾಲದ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು. ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್ ಎಂಬ ವೈದ್ಯ 1858ರಷ್ಟು ಹಿಂದೆಯೇ ಜನ ವಾಸಿಸುವ ಕೋಣೆಯಲ್ಲಿ ಅದು 1000 ದಾಟಬಾರದು ಎಂದು ಹೇಳಿದ್ದ. ನಾವು ಮೂವರು ಮಲಗುವ ಕೋಣೆಯಲ್ಲಿ ಬೆಳಗಿನ ಜಾವ ಐದಕ್ಕೆ 2300. ಈ ಅನಿಲ ಅಷ್ಟರಿಂದಲೇ ಯಾರನ್ನೂ ಕೊಲ್ಲುವುದಿಲ್ಲ, ಆದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಎಂಬುದಕ್ಕೆ ಸಾಕ್ಷಿ. ಮಗಳು ಎದ್ದ ಕೂಡಲೇ ತಲೆಭಾರ ಎನ್ನುತ್ತಿದ್ದದ್ದು ನೆನಪಾಯಿತು. ಜಾಲರಿ ಹೊಡೆಸಿ ಕಿಟಕಿ ತೆಗೆದೆವು, 800ರ ಆಸುಪಾಸಿಗೆ ಬಂತು. ಸೊಳ್ಳೆಬತ್ತಿಯನ್ನು ಅಂದೇ ಬಿಟ್ಟೆವು. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ದಾರೆ. ಅದನ್ನು ಓದಿದ ಮೇಲೆ ಮಗುವಿನ ಮಂಚದ ಕೆಳಗೆ ಅದನ್ನು ಹಚ್ಚಿಡಲು ಕೈ ಬರಲಿಲ್ಲ. ಚಳಿಗಾಲದಲ್ಲಿ ಮಾತ್ರ ಕಿಟಕಿಯ ಹೊತ್ತನ್ನು ಬದಲಾಯಿಸಿಕೊಂಡಿದ್ದೇವೆ. ಆಗ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು, ಬೀದಿಯಲ್ಲಿ ಸುಟ್ಟ ಎಲೆಯ ಹೊಗೆ ಮೇಲೇಳದೆ ಮನೆಗಳ ನಡುವೆಯೇ ನಿಲ್ಲುತ್ತದೆ. ಬಿಸಿಲು ಏರಿ ಚಾಮುಂಡಿ ಬೆಟ್ಟ ಸ್ಪಷ್ಟವಾಗಿ ಕಾಣತೊಡಗಿದ ಮೇಲೆ ಎಲ್ಲ ಕಿಟಕಿಗಳನ್ನೂ ತೆಗೆಯುತ್ತೇವೆ.

ಊರಿಗೆ ಒಯ್ದದ್ದು

ಸಂಕ್ರಾಂತಿಗೆ ಊರಿಗೆ ಹೋಗುವಾಗ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಈಗ ಆ ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದಾರೆ. ಗ್ಯಾಸ್ ಇದೆ, ಆದರೆ ಅದು ಕಾಫಿಗೆ, ಹಾಲಿಗೆ, ನೆಂಟರು ಬಂದಾಗಿನ ಅವಸರಕ್ಕೆ. ದಿನದ ಮುದ್ದೆ, ಸಾರು, ಸ್ನಾನದ ಹಂಡೆ ಎಲ್ಲ ಸೌದೆಯಲ್ಲಿಯೇ. ತೆಂಗಿನ ಗರಿ, ಮಟ್ಟೆ, ಚಿಪ್ಪು ತೋಟದಲ್ಲಿ ಬಿದ್ದಿರುವಾಗ ಸಿಲಿಂಡರಿಗೆ ದುಡ್ಡು ಯಾಕೆ ಎಂಬ ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಸಿಲಿಂಡರಿನ ಬೆಲೆ ಗೊತ್ತಿರುವ ಯಾರೂ ತಳ್ಳಿಹಾಕಲಾರರು.

ಬ್ಯಾಟರಿಯ ಮೇಲೆ ಪೆಟ್ಟಿಗೆಯನ್ನು ಮೊದಲು ಪಡಸಾಲೆಯಲ್ಲಿ ಇಟ್ಟೆ. ಆಲೆಮನೆಗಳು ಉರಿಯುವ ಕಾಲ, ಕಬ್ಬಿನ ಗದ್ದೆಯಲ್ಲಿ ತರಗು ಸುಡುವ ಕಾಲ. ಆದರೂ 48 ತೋರಿಸಿತು. ಅಣ್ಣ ಅದನ್ನು ನೋಡಿ, ಹಳ್ಳಿಯ ಗಾಳಿ ಎಂದರೆ ಇದು ಎಂದ. ಆಮೇಲೆ ಒಳಗೆ ಒಯ್ದು ಅತ್ತಿಗೆ ಕುಳಿತಿದ್ದ ಮಣೆಯ ಪಕ್ಕ ಇಟ್ಟೆ. ಅಂಕಿ ಓಡಿ ಓಡಿ 999ಕ್ಕೆ ನಿಂತಿತು. ಆ ಯಂತ್ರಕ್ಕೆ ಅದಕ್ಕಿಂತ ಮೇಲೆ ಎಣಿಸಲು ಬರುವುದಿಲ್ಲ. ‘ಕೆಟ್ಟಿತೇನೋ’ ಎಂದು ಅತ್ತಿಗೆ ಗಾಬರಿಯಾದರು. ಬಾಗಿಲ ಬಳಿ ಬಂದು ನಿಂತ ಅಣ್ಣ ಅದನ್ನು ಎತ್ತಿಕೊಂಡು ಪಡಸಾಲೆಗೆ ಹೋದ, ಸ್ವಲ್ಪ ಹೊತ್ತು ಕಾದು ಮತ್ತೆ ಒಳಗೆ ತಂದ. ಹೀಗೆ ಎರಡು ಸಲ. ಮೂರನೆಯ ಸಲ ಅಲ್ಲಿಯೇ, ಅತ್ತಿಗೆಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟ. ಕಣ್ಣುಜ್ಜಿಕೊಳ್ಳುತ್ತಾ ಮುದ್ದೆ ಬೇಯುವವರೆಗೂ ಕುಳಿತೇ ಇದ್ದ.

ಆ ಮನೆಯಲ್ಲಿ ಹಿಂದೆ ಒಂದು ಅಸ್ತ್ರ ಒಲೆ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಬಂದ ಒಲೆ ಅದು. ಮೂರು ಪಾತ್ರೆ ಒಟ್ಟಿಗೆ ಕೂರುತ್ತಿದ್ದವು, ಹೊಗೆ ಕೊಳವೆ ಹಿಡಿದು ಮಾಡಿನ ಮೇಲೆ ಹೋಗುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಕಟ್ಟಿಸಿದ್ದರು. ನಾಲ್ಕಾರು ವರ್ಷಕ್ಕೆ ಕೊಳವೆ ಬಿರುಕು ಬಿಟ್ಟು, ಮಳೆನೀರು ಒಲೆಗೆ ಇಳಿಯಿತು. ಪಡಸಾಲೆಯ ಮಾಡು ಸೋರಿದ್ದರೆ ಮರುದಿನವೇ ಹೆಂಚಿನವನನ್ನು ಕರೆಸುತ್ತಿದ್ದರು. ಇದನ್ನು ಯಾರೂ ಸರಿ ಮಾಡಿಸಲಿಲ್ಲ. ಮಾಡಿನ ತೂತಿಗೆ ಹೆಂಚು ಮುಚ್ಚಿದರು. ಅವ್ವ ಮತ್ತೆ ಊದುಕೊಳವೆ ಹಿಡಿದಳು.

ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬಂದೆವು. ಮೈಸೂರಿನ ಮನೆಯಲ್ಲಿ ಈಗ ಅಂಕಿ ಇಲ್ಲ. ಆದರೂ ಬಾಣಲೆ ಇಡುವ ಮೊದಲು ಯಾರ ಕೈಯಾದರೂ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ. ಅವ್ವನ ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ. ಹೋಗುವುದಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಹೋದ ವಾರ ಅತ್ತಿಗೆ ಫೋನ್ ಮಾಡಿದ್ದರು. ಅಣ್ಣ ಪಾಂಡವಪುರದಿಂದ ಸಿಮೆಂಟಿನ ಪೈಪು ತಂದು, ಹೆಂಚು ತೆಗೆಸಿ, ಒಲೆಗೆ ಮತ್ತೆ ಕೊಳವೆ ಕೂರಿಸಿದ್ದಾನೆ. ಮುದ್ದೆ ಮಾಡುವಾಗ ಪೆಟ್ಟಿಗೆ 140 ತೋರಿಸುತ್ತದಂತೆ, ಒಮ್ಮೊಮ್ಮೆ ನೂರಕ್ಕಿಂತ ಕೆಳಗೂ ಇಳಿಯುತ್ತದಂತೆ. ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವಳು ಕೇಳಿದ್ದು ಒಂದೇ: ‘ಬಚ್ಚಲೊಲೆ?’ ಅದು ಇನ್ನೂ ಹಾಗೆಯೇ ಇದೆ, ಬೇಸಿಗೆ ಕಳೆಯುವುದರೊಳಗೆ ಅದಕ್ಕೂ ಪೈಪು ಹಾಕಿಸಬೇಕು ಎಂದು ಅತ್ತಿಗೆ ಹೇಳಿದರಂತೆ.